ಮಿದುಳಿನ ಕ್ಯಾನ್ಸರ್‌ಗೆ ಲಸಿಕೆ: ಟಿ ಕೋಶಕ್ಕೆ ಯಾವ ಗುರುತು ತೋರಿಸುವುದು?

ಕ್ಯಾನ್ಸರ್ ಬರುವ ಮೊದಲೇ ತಡೆಯುವ ಲಸಿಕೆಗಳು ಎಂದರೆ ನಮಗೆ ಗೊತ್ತಿರುವುದು ಎರಡು: ಯಕೃತ್ತಿನ ಕ್ಯಾನ್ಸರ್ ತಡೆಯುವ ಹೆಪಟೈಟಿಸ್ ಬಿ ಲಸಿಕೆ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ. ಎರಡೂ ಕೆಲಸ ಮಾಡುವುದು ವೈರಸ್ಸಿನ ಮೇಲೆ. ಆದರೆ ಮಿದುಳಿನ ಉಗ್ರ ಕ್ಯಾನ್ಸರ್ ಆದ ಗ್ಲಿಯೋಬ್ಲಾಸ್ಟೋಮಾಕ್ಕೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸುವಂಥ ವೈರಸ್ ಇಲ್ಲ. ಆದ್ದರಿಂದ ಇಲ್ಲಿ ‘ತಡೆ’ ಎಂದಲ್ಲೆಲ್ಲ ಗೆಡ್ಡೆ ತೆಗೆದ ಮೇಲೆ ಅದು ಮರುಕಳಿಸದಂತೆ ನೋಡಿಕೊಳ್ಳುವುದು ಎಂದೇ ಓದಿಕೊಳ್ಳಿ.

ಮರುಕಳಿಸುವುದೇ ಇದರ ದೊಡ್ಡ ಕಾಟ. ಗೆಡ್ಡೆಯ ಕೋಶಗಳು ಆರೋಗ್ಯವಾಗಿರುವ ಅಂಗಾಂಶದೊಳಕ್ಕೆ ಬೇರುಬಿಟ್ಟಂತೆ ಹರಡಿರುತ್ತವೆ. ಸರ್ಜನ್ ಎಷ್ಟೇ ನುರಿತವರಾದರೂ ಅಷ್ಟನ್ನೂ ತೆಗೆಯಲಾಗದು. ವಿಕಿರಣದ ಜೊತೆ ಟೆಮೊಜೊಲೊಮೈಡ್ ಎಂಬ ಕೀಮೋ ಔಷಧ ಕೊಟ್ಟ 2005ರ ಹೆಸರಾಂತ ಪ್ರಯೋಗದಲ್ಲೂ ರೋಗಿಗಳ ಮಧ್ಯಾಂಕ ಆಯಸ್ಸು, ಅಂದರೆ ಅರ್ಧದಷ್ಟು ಮಂದಿ ಬದುಕುಳಿದ ಅವಧಿ, 14.6 ತಿಂಗಳು.

ಮಿದುಳಿಗೆ ರೋಗನಿರೋಧಕ ಕೋಶಗಳು ಹೋಗುವುದೇ ಇಲ್ಲ ಎಂದು ಹಳೆಯ ನೋಟ್ಸ್‌ಗಳಲ್ಲಿ ಇರುತ್ತದೆ. ಅದನ್ನು ಹೊಡೆದುಹಾಕಿ. 1948ರಲ್ಲಿ ಪೀಟರ್ ಮೆಡಾವರ್ ಮೊಲದ ಮಿದುಳಿಗೆ ಬೇರೆ ಮೊಲದ ಚರ್ಮ ಕಸಿ ಮಾಡಿದಾಗ ಅದು ಉಳಿದದ್ದು ನಿಜ. ಆದರೆ ಅದೇ ಚರ್ಮವನ್ನು ಮೊದಲು ಮೈಮೇಲೆ ಕಸಿ ಮಾಡಿ ದೇಹಕ್ಕೆ ಪರಿಚಯಿಸಿದ್ದರೆ, ಮಿದುಳಿನ ಕಸಿಯೂ ನಾಶವಾಗುತ್ತಿತ್ತು. ಲಸಿಕೆಯ ಆಸೆಗೆ ಆಧಾರ ಈ ಎರಡನೆಯ ಅರ್ಧ. ಬಹಳ ಕಡೆ ಅದನ್ನೇ ಬಿಟ್ಟಿರುತ್ತಾರೆ. 2015ರಲ್ಲಿ ಮಿದುಳಿನ ಪೊರೆಯಲ್ಲಿ, ರೋಗನಿರೋಧಕ ಕೋಶಗಳು ಸಾಗುವ ದುಗ್ಧನಾಳಗಳೂ ಕಂಡುಬಂದವು.

ಈಗ ಮುಖ್ಯ ಪ್ರಶ್ನೆ: ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲ ರೋಗನಿರೋಧಕ ಟಿ ಕೋಶಕ್ಕೆ ತೋರಿಸುವುದೇನನ್ನು?

ಇಜಿಎಫ್‌ಆರ್‌ವಿ3 ಎಂಬ, ಕೆಲವು ಗ್ಲಿಯೋಬ್ಲಾಸ್ಟೋಮಾ ಗೆಡ್ಡೆಗಳಲ್ಲಿ ಕಾಣುವ ಪ್ರೋಟೀನನ್ನು ಹತ್ತಿರದಿಂದ ನೋಡಿ. ಇಜಿಎಫ್‌ಆರ್ ಜೀನ್‌ನ 2ರಿಂದ 7ನೇ ಎಕ್ಸಾನ್‌ವರೆಗಿನ (ಪ್ರೋಟೀನಿನ ಸೂಚನೆ ಹೊತ್ತ ತುಣುಕುಗಳ) ಭಾಗ ಕಳಚಿಹೋಗಿ, 267 ಅಮೈನೋ ಆಮ್ಲಗಳು ಮಾಯವಾಗುತ್ತವೆ. ತುದಿಗಳೆರಡು ಕೂಡುವಲ್ಲಿ ಹೊಸದೊಂದು ಗ್ಲೈಸಿನ್ ಬಂದು ಕೂರುತ್ತದೆ. ಆ ಕೂಡುಜಾಗ ಸಹಜ ಪ್ರೋಟೀನಿನಲ್ಲಿ ಇಲ್ಲ, ಅಂದರೆ ಗುರಿಗೆ ಹೇಳಿ ಮಾಡಿಸಿದಂತಿದೆ. ಅದರ ತುಣುಕನ್ನೇ ಬಳಸಿ ರಿಂಡೊಪೆಪಿಮಟ್ ಲಸಿಕೆ ತಯಾರಾಯಿತು; 745 ರೋಗಿಗಳ ಮೂರನೇ ಹಂತದ ಪ್ರಯೋಗವೂ ನಡೆಯಿತು. ಪ್ರತಿಕಾಯಗಳು ಚೆನ್ನಾಗಿಯೇ ಹುಟ್ಟಿದವು. ಆದರೆ ಶಸ್ತ್ರಚಿಕಿತ್ಸೆಯ ನಂತರ ಗೆಡ್ಡೆ ಅತಿ ಕಡಿಮೆ ಉಳಿದವರಲ್ಲಿ ಮಧ್ಯಾಂಕ ಆಯಸ್ಸು ಲಸಿಕೆ ಪಡೆದವರಿಗೆ 20.1 ತಿಂಗಳು, ಪಡೆಯದವರಿಗೆ 20.0. ಮರುಕಳಿಸಿದ ಗೆಡ್ಡೆಗಳನ್ನು ನೋಡಿದರೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇಜಿಎಫ್‌ಆರ್‌ವಿ3 ಕಾಣೆ! ತಮಾಷೆಯೆಂದರೆ, ಲಸಿಕೆ ಪಡೆಯದ ಗುಂಪಿನಲ್ಲೂ ಹಾಗೇ ಆಗಿತ್ತು. ಗೆಡ್ಡೆಯ ಎಲ್ಲ ಕೋಶಗಳಲ್ಲೂ ಇಲ್ಲದ ಗುರುತು ಅದು. ಅದಿಲ್ಲದ ಕೋಶಗಳು ಬೆಳೆದವು.

ಒಂದೇ ಗುರುತು ಸಾಲದಿದ್ದರೆ ಇಡೀ ಕ್ಯಾನ್ಸರ್ ಕೋಶವನ್ನೇ ತೋರಿಸಿದರೆ ಹೇಗೆ? ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆಸ್ಪತ್ರೆಯ ಖಾಲಿದ್ ಶಾ ಅವರ ತಂಡ 2023ರ ಜನವರಿಯಲ್ಲಿ ಪ್ರಕಟಿಸಿದ್ದು ಇದನ್ನೇ. ಸತ್ತ ಕೋಶವಲ್ಲ, ಜೀವಂತ ಕೋಶ. ಅಂಥವು ಮಿದುಳಿನಲ್ಲಿ ಗೆಡ್ಡೆಯಿರುವ ಕಡೆಗೆ ತಾವಾಗಿ ಸಾಗುತ್ತವೆ. ಗೆಡ್ಡೆಯನ್ನು ಕೊಲ್ಲುವ ಇಂಟರ್‌ಫೆರಾನ್ ಬೀಟಾವನ್ನು ಅವೇ ಸುರಿಸಬೇಕು, ಆದರೆ ಅದರಿಂದ ತಾವು ಸಾಯಬಾರದು. ಹಾಗಾಗಿ ಆ ಇಂಟರ್‌ಫೆರಾನ್‌ನ ಗ್ರಾಹಕವನ್ನು ಜೀನ್ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ಮೊದಲೇ ಕತ್ತರಿಸಿ ತೆಗೆದಿದ್ದರು. ರೋಗನಿರೋಧಕ ಕೋಶಗಳನ್ನು ಕರೆತರಲು ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ಕೂಡ ಸ್ರವಿಸುವಂತೆ ಮಾಡಿದ್ದರು. ಕ್ಯಾನ್ಸರ್ ಕೋಶವನ್ನೇ ಮಿದುಳಿಗೆ ಬಿಡುವುದೆಂದರೆ ಭಯವಾಗಬೇಕಾದ್ದೇ. ಅದಕ್ಕೆಂದೇ ಬೇಕೆಂದಾಗ ಆ ಕೋಶಗಳನ್ನು ಸಾಯಿಸುವ ಎರಡು ಸ್ವಿಚ್‌ಗಳನ್ನೂ ಅಳವಡಿಸಿದರು. ಚಿಕಿತ್ಸೆ ಪಡೆದ ಇಲಿಗಳಲ್ಲಿ ದೀರ್ಘಕಾಲದ ರೋಗನಿರೋಧಕ ಸ್ಮೃತಿ ಉಳಿಯಿತು. ಇಷ್ಟೂ ಇಲಿಗಳಲ್ಲಿ ಎಂಬುದನ್ನು ಉತ್ತರ ಬರೆಯುವಾಗ ಮರೆಯದಿರಿ; ಸುದ್ದಿಯ ತಲೆಬರಹಗಳು ಮರೆತಿದ್ದವು.

ಗ್ಲಿಯೋಬ್ಲಾಸ್ಟೋಮಾ ಅಲ್ಲದ, ಐಡಿಎಚ್1 ಎಂಬ ಜೀನ್‌ನಲ್ಲಿ ಮ್ಯುಟೇಶನ್ ಇರುವ ಆಸ್ಟ್ರೋಸೈಟೋಮಾ ಎಂಬ ಇನ್ನೊಂದು ಮಿದುಳಿನ ಗೆಡ್ಡೆಯ ಕಥೆ ಬೇರೆ. ಅಲ್ಲಿ ಮ್ಯುಟೇಶನ್ ಆಗುವುದು ಗೆಡ್ಡೆ ಹುಟ್ಟುವ ಮೊದಮೊದಲಿಗೇ, ಆದ್ದರಿಂದ ಹೆಚ್ಚುಕಡಿಮೆ ಪ್ರತಿ ಕೋಶದಲ್ಲೂ ಆ ಗುರುತು ಇರುತ್ತದೆ. ಜರ್ಮನಿಯಲ್ಲಿ 33 ಮಂದಿಯಲ್ಲಿ ಆ ಗುರುತನ್ನು ತೋರಿಸುವ ಲಸಿಕೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಶೇ 93ರಷ್ಟು ಜನರಲ್ಲಿ ರೋಗನಿರೋಧಕ ಪ್ರತಿಕ್ರಿಯೆ ಕಂಡಿತ್ತು. ಪ್ರತಿಕ್ರಿಯೆ ಬಾರದ ಇಬ್ಬರಲ್ಲೂ ಎರಡು ವರ್ಷದೊಳಗೆ ಗೆಡ್ಡೆ ಮತ್ತೆ ಬೆಳೆಯಿತು. ಅದು ಮೊದಲ ಹಂತದ ಪ್ರಯೋಗ, ಹೋಲಿಸಿ ನೋಡಲು ಲಸಿಕೆಯಿಲ್ಲದ ಗುಂಪು ಇರಲಿಲ್ಲ. ಗೆಡ್ಡೆಯನ್ನು ಹಿಡಿದಿಟ್ಟದ್ದು ಲಸಿಕೆಯೇ ಎಂದು ಅದೊಂದರಿಂದ ಹೇಳಲು ಬರುವುದಿಲ್ಲ.