ಕಡಲ ಹಾವು ಈಜುವವರನ್ನು ಕಚ್ಚುತ್ತದೆಯೇ?

ಪ್ರಶ್ನೆ: ಮಳೆಗಾಲದಲ್ಲಿ ಮಲ್ಪೆಗೆ ಹೋಗಿದ್ದಾಗ ಮರಳಿನ ಮೇಲೆ ಹಾವೊಂದು ಬಿದ್ದಿತ್ತು. ಕಡಲ ಹಾವಿನ ವಿಷ ನಾಗರಹಾವಿನದಕ್ಕಿಂತ ತೀಕ್ಷ್ಣ ಎನ್ನುತ್ತಾರೆ. ಹಾಗಾದರೆ ಮಕ್ಕಳನ್ನು ನೀರಿಗಿಳಿಸುವುದು ಅಪಾಯವಲ್ಲವೇ?

ಮಳೆಗಾಲದಲ್ಲಿ ಅಪಾಯವೇ. ಆದರೆ ಅದು ಹಾವಿನಿಂದಲ್ಲ, ಅಲೆಗಳಿಂದ.

ವಿಷದ ಬಗ್ಗೆ ನೀವು ಕೇಳಿದ್ದು ನಿಜ. ನಮ್ಮ ಕರಾವಳಿಯಲ್ಲಿ ಬಲೆಗೆ ಬೀಳುವ ಹೈಡ್ರೋಫಿಸ್ ಸ್ಕಿಸ್ಟೋಸಸ್ ಎಂಬ ಜಾತಿಯದು, ಹನಿಗೆ ಹನಿ ಹೋಲಿಸಿದರೆ, ನಾಗರಹಾವಿನ ವಿಷಕ್ಕಿಂತ ಪ್ರಬಲ. ಅದರ ಆಹಾರ ಮೀನು. ಅದರಲ್ಲೂ ಮುಳ್ಳಿರುವ ತೇಡೆ ಮೀನೆಂದರೆ ಪ್ರೀತಿ. ಕಚ್ಚಿಸಿಕೊಂಡ ಮೀನು ನಾಲ್ಕು ಮಾರು ಈಜಿದರೂ ಕಲಕಿದ ನೀರಿನಲ್ಲಿ ಕೈತಪ್ಪಿದಂತೆಯೇ. ಹಾಗಾಗಿ ಅದನ್ನು ತಕ್ಷಣ ನಿಶ್ಚಲಗೊಳಿಸುವ ವಿಷವೇ ಬೇಕು. ಮನುಷ್ಯ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಈಜುವವರನ್ನು ಕಂಡರೆ ಅದು ಸಾಮಾನ್ಯವಾಗಿ ದೂರ ಸರಿಯುತ್ತದೆ. ಹಲ್ಲುಗಳು ಕೆಲವೇ ಮಿಲಿಮೀಟರ್ ಉದ್ದ. ಕಚ್ಚಿದರೂ ಅನೇಕ ಬಾರಿ ವಿಷ ಬಿಡುವುದಿಲ್ಲ.

ಇನ್ನು ಮರಳಿನ ಮೇಲೆ ಬಿದ್ದಿದ್ದ ನಿಮ್ಮ ಹಾವು. ಕಡಲ ಹಾವಿಗೆ ಕಿವಿರುಗಳಿಲ್ಲ, ಉಸಿರಿಗೆ ಮೇಲೆ ಬರಲೇಬೇಕು. ಒಂದೇ ಶ್ವಾಸಕೋಶ, ಅದೂ ಹೆಚ್ಚುಕಡಿಮೆ ದೇಹದುದ್ದಕ್ಕೂ ಚಾಚಿಕೊಂಡಿರುತ್ತದೆ. ಮುಳುಗುವಾಗ ಮೂಗಿನ ಹೊಳ್ಳೆಗಳನ್ನು ಕವಾಟಗಳು ಮುಚ್ಚುತ್ತವೆ. ಸ್ವಲ್ಪ ಆಮ್ಲಜನಕವನ್ನು ಚರ್ಮವೇ ನೀರಿನಿಂದ ಹೀರಿಕೊಳ್ಳುತ್ತದೆ. ಮರಿ ಹಾಕುವುದೂ ನೀರಿನಲ್ಲೇ. ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ. ಆದರೆ ನೆಲದ ಹಾವುಗಳಿಗೆ ತೆವಳಲು ಆಸರೆಯಾಗುವ ಹೊಟ್ಟೆಯಡಿಯ ಅಗಲ ಹುರುಪೆಗಳು ಇದಕ್ಕೆ ಕಿರಿದಾಗಿಬಿಟ್ಟಿವೆ. ಬಿರುಸಾದ ಅಲೆ ದಡಕ್ಕೆಸೆದರೆ ಅಲ್ಲೇ ಬಿದ್ದಿರುತ್ತದೆ, ಸತ್ತಂತೆ ಕಂಡರೂ ಕಚ್ಚಬಲ್ಲದು. ಫೋಟೊ ತೆಗೆಯಿರಿ, ಕೋಲಿನಿಂದ ತಿವಿಯಬೇಡಿ. ಹಾಲೆರೆಯುವುದೂ ಬೇಡ; ಅದಕ್ಕೆ ಬೇಕಿರುವುದು ಕಡಲು. ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು.

ನಿಜವಾಗಿ ಹೆದರಬೇಕಾದವರು ಬೋಟಿನ ಕಲಾಸಿಗಳು. ಟ್ರಾಲ್ ಬಲೆಯನ್ನು ಮೇಲೆಳೆದು ಸುರಿದಾಗ ಮೀನು, ಸಿಗಡಿ, ಏಡಿಯ ರಾಶಿಯ ನಡುವೆ ಹಾವೂ ಇರುತ್ತದೆ. ಆಗಲೇ ಉಸಿರುಗಟ್ಟಿ, ಒತ್ತಡಕ್ಕೆ ಸಿಕ್ಕಿ ಕಂಗೆಟ್ಟಿರುತ್ತದೆ. ವಿಂಗಡಿಸುವ ಕೈಗೆ ಅದು ಹಾವುಮೀನಿನಂತೆ ಕಂಡರೆ ಕೆಲಸ ಕೆಟ್ಟಿತು. ಮೈತುಂಬ ಹುರುಪೆ, ಚಪ್ಪಟೆ ಬಾಲ ಇದ್ದು, ಕಿವಿರಿನ ಸೀಳು ಕಾಣದಿದ್ದರೆ ಅದು ಹಾವೇ.

ಕಡಿತದಲ್ಲಿ ಮೋಸ ಮಾಡುವುದು ನೋವಿಲ್ಲದಿರುವುದು. ಗಾಯದ ಜಾಗ ಊದದಿರಬಹುದು, ಕಚ್ಚಿದ್ದೇ ಗೊತ್ತಾಗದಿರಬಹುದು. ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಮೈಯೆಲ್ಲ ಸ್ನಾಯುನೋವು, ಬಿಗಿತ, ಜೋತುಬೀಳುವ ರೆಪ್ಪೆ ಶುರುವಾಗುತ್ತವೆ. ಸ್ನಾಯು ನಾಶವಾಗಿ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತಿದೆ ಎಂದರ್ಥ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕೈಯನ್ನು ಅಲುಗಾಡಿಸದೆ, ಡಯಾಲಿಸಿಸ್ ಮತ್ತು ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಬರೀ ‘ಹಾವು ಕಚ್ಚಿತು’ ಎಂದರೆ ಸಾಲದು, ಕಡಲ ಹಾವು ಎಂದೇ ಹೇಳಬೇಕು. ಏಕೆಂದರೆ ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನೆಲದ ನಾಲ್ಕು ಹಾವುಗಳಿಗಾಗಿ ತಯಾರಾದದ್ದು.