ಬಂದು ಹೋಗುವ ನೆಟ್‌ನಲ್ಲಿ ಬೋಯಿಂಕ್: ಅಪ್‌ಲೋಡ್ ಬೇರೆ, ವರದಿ ಬೇರೆ

ಬದಿಯಡ್ಕದಿಂದ ಒಳಕ್ಕೆ, ಕಂಗಿನ ತೋಟದ ತಗ್ಗಿನಲ್ಲಿ ನಮ್ಮ ಮನೆ. ಮೊಬೈಲ್ ಸಿಗ್ನಲ್ ಸಿಗುವುದು ಮಾಳಿಗೆಯ ಪಡುವಣ ಕಿಟಕಿಯಲ್ಲಿ ಮಾತ್ರ. ಸಂಜೆ ಅರ್ಧ ಗಂಟೆ ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟ್ ಹಾಕುತ್ತೇನೆ. ಉಳಿದ ಹೊತ್ತು ಲ್ಯಾಪ್‌ಟಾಪ್ ನೆಟ್ ಇಲ್ಲದೆಯೇ ಬೋಯಿಂಕ್‌ನ ಲೆಕ್ಕ ಮಾಡುತ್ತಿರುತ್ತದೆ. ಬೋಯಿಂಕ್ ಎಂದರೆ ವಿಜ್ಞಾನದ ಯೋಜನೆಗಳು ಕಳುಹಿಸುವ ಲೆಕ್ಕದ ಕೆಲಸಗಳನ್ನು ನಮ್ಮ ಕಂಪ್ಯೂಟರಿನ ಬಿಡುವಿನಲ್ಲಿ ಮಾಡಿಕೊಡುವ ತಂತ್ರಾಂಶ. ಪ್ರತಿ ಕೆಲಸಕ್ಕೂ ಒಂದು ಗಡುವು ಇರುತ್ತದೆ. ಕಳೆದ ವಾರ ನಾಲ್ಕು ಕೆಲಸಗಳು ಗಡುವು ಮೀರಿ ಹೋದವು. ನಾಲ್ಕರ ಲೆಕ್ಕವೂ ಮುಗಿದಿತ್ತು, ಫಲಿತಾಂಶದ ಕಡತಗಳೂ ಸರ್ವರ್ ತಲುಪಿದ್ದವು. ಹಾಗಿದ್ದೂ ಏಕೆ ಹೀಗಾಯಿತು ಎಂದು ತಿಳಿಯಲು ನಾಲ್ಕು ಸಂಜೆಗಳು ಬೇಕಾದವು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ತಂತ್ರಾಂಶವನ್ನು ಸ್ಥಾಪಿಸುವುದು, ಯೋಜನೆಗೆ ಸೇರುವುದು ನಿಮಗೆ ಗೊತ್ತಿದೆ ಎಂದುಕೊಳ್ಳುತ್ತೇನೆ.

ಹಳೆಯ ಕಾಲದ ಲೆಕ್ಕ

ನಮ್ಮ ಸ್ಥಿತಿ ಹೊಸದಲ್ಲ. 1999ರ ಮೇ ತಿಂಗಳಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ (ಅನ್ಯಗ್ರಹದ ಬುದ್ಧಿಜೀವಿಗಳ ಸಂಕೇತ ಹುಡುಕುವ ಯೋಜನೆ, ಬೋಯಿಂಕ್ ಹುಟ್ಟಿದ್ದು ಇದರಿಂದಲೇ) ಆರಂಭಿಸಿದಾಗ ಹೆಚ್ಚಿನ ಮನೆಗಳಲ್ಲಿದ್ದದ್ದು ಡಯಲ್-ಅಪ್ ಮೋಡೆಮ್. ಅರೆಸಿಬೊ ದೂರದರ್ಶಕದ ರೇಡಿಯೊ ಸಂಕೇತಗಳನ್ನು ಸುಮಾರು 340 ಕಿಲೋಬೈಟ್‌ನ ತುಂಡುಗಳಾಗಿ ಹಂಚುತ್ತಿದ್ದರು. 56 ಕಿಲೋಬಿಟ್ ಮೋಡೆಮ್ ಎಂದರೆ, ಎಂಟು ಬಿಟ್‌ಗೆ ಒಂದು ಬೈಟ್ ಆದುದರಿಂದ, ಸೆಕೆಂಡಿಗೆ ಹೆಚ್ಚೆಂದರೆ 7 ಕಿಲೋಬೈಟ್. ಲೈನಿನಲ್ಲಿ ಗರಗರ ಇದ್ದು 4 ಮಾತ್ರ ಸಿಕ್ಕಿದರೂ ಒಂದು ತುಂಡು ಒಂದೂವರೆ ನಿಮಿಷದಲ್ಲಿ ಇಳಿಯುತ್ತದೆ. ಬಳಿಕ ಫೋನ್ ಇಟ್ಟುಬಿಡಬಹುದು, ಲೆಕ್ಕ ಗಂಟೆಗಟ್ಟಲೆ ನಡೆಯುತ್ತದೆ. ವೇಗ ಕಡಿಮೆಯಾದರೆ ಇಲ್ಲಿ ತೊಂದರೆಯಿಲ್ಲ, ಸಂಪರ್ಕ ಯಾವಾಗ ಬಂದು ಯಾವಾಗ ಹೋಗುತ್ತದೆ ಎಂಬುದೇ ತೊಂದರೆ. ಬೋಯಿಂಕ್‌ನಲ್ಲಿ ಈಗಲೂ ಇರುವ ಕೆಲವು ಆಯ್ಕೆಗಳು ಅಂಥ ಬಳಕೆದಾರರಿಗಾಗಿಯೇ ಬಂದವು.

ನಾನು ಎಡವಿದ ಜಾಗ

ಕೆಲಸ ಮುಗಿದ ಮೇಲೆ ಸರ್ವರ್ ಜೊತೆ ನಡೆಯುವ ವ್ಯವಹಾರ ಒಂದಲ್ಲ, ಎರಡು. ಮೊದಲು ಫಲಿತಾಂಶದ ಕಡತ ಅಪ್‌ಲೋಡ್ ಆಗುತ್ತದೆ. ಆಮೇಲೆ ನಮ್ಮ ಬೋಯಿಂಕ್ ಯೋಜನೆಯ ಶೆಡ್ಯೂಲರ್ ಎಂಬ ಇನ್ನೊಂದು ಬಾಗಿಲಿಗೆ ಹೋಗಿ "ಈ ಕೆಲಸ ಮುಗಿಯಿತು" ಎಂದು ವರದಿ ಒಪ್ಪಿಸುತ್ತದೆ. ಗಡುವಿಗೆ ಲೆಕ್ಕ ಈ ಎರಡನೆಯದು ಮಾತ್ರ.

ಅಡಿಕೆ ಸೊಸೈಟಿಯನ್ನು ನೆನೆಸಿಕೊಳ್ಳಿ. ಚೀಲಗಳನ್ನು ಜೀಪಿನಿಂದ ಗೋದಾಮಿಗೆ ಇಳಿಸಿ ಮನೆಗೆ ಬಂದರೆ ಅಡಿಕೆ ಅಲ್ಲಿದೆ ನಿಜ. ಆದರೆ ತೂಕ ಹಾಕಿಸಿ ಚೀಟಿ ಬರೆಸದಿದ್ದರೆ ನಮ್ಮ ಹೆಸರಿನಲ್ಲಿ ಏನೂ ಇಲ್ಲ. ನಾನು ದಿನವೂ ಚೀಲ ಇಳಿಸಿ ಚೀಟಿ ಬರೆಸದೆ ಬರುತ್ತಿದ್ದೆ.

ಏಕೆಂದರೆ ನಾನು ನೋಡುತ್ತಿದ್ದದ್ದು ಟ್ರಾನ್ಸ್‌ಫರ್ಸ್ ಪುಟವನ್ನು. ಅದು ಖಾಲಿಯಾದ ಕೂಡಲೇ ಎಲ್ಲವೂ ಹೋಯಿತೆಂದು ಹಾಟ್‌ಸ್ಪಾಟ್ ಆರಿಸುತ್ತಿದ್ದೆ. ನೋಡಬೇಕಾದದ್ದು ಟಾಸ್ಕ್ಸ್ ಪುಟ. ಅಲ್ಲಿ ಕೆಲಸದ ಎದುರು ‘ರೆಡಿ ಟು ರಿಪೋರ್ಟ್’ ಎಂದಿದ್ದರೆ ಅದರ ಅರ್ಥ "ಇನ್ನೂ ಒಪ್ಪಿಸಿಲ್ಲ" ಎಂದು. ಒಪ್ಪಿಸಿದ ಮೇಲೆ ಆ ಸಾಲೇ ಪಟ್ಟಿಯಿಂದ ಮರೆಯಾಗುತ್ತದೆ. ‘ರೆಡಿ’ ಎಂಬ ಪದವನ್ನು ನಾನು ‘ಆಯಿತು’ ಎಂದು ಓದಿಕೊಂಡಿದ್ದೆ.

ಅಪ್‌ಲೋಡ್ ಆದ ತಕ್ಷಣ ಅದೇ ಉಸಿರಿನಲ್ಲಿ ವರದಿಯನ್ನೂ ಏಕೆ ಕೊಡುವುದಿಲ್ಲ? ಶೆಡ್ಯೂಲರಿನ ಪ್ರತಿ ಭೇಟಿಯೂ ಯೋಜನೆಯ ಡೇಟಾಬೇಸಿಗೆ ಹೊರೆ. ಲಕ್ಷಾಂತರ ಕಂಪ್ಯೂಟರ್‌ಗಳು ಒಂದೊಂದು ಕೆಲಸಕ್ಕೂ ಬಾಗಿಲು ತಟ್ಟಿದರೆ ಸರ್ವರ್ ತಾಳುವುದಿಲ್ಲ. ಆದುದರಿಂದ ಬೋಯಿಂಕ್ ಸ್ವಲ್ಪ ಕಾದು, ಹಲವನ್ನು ಒಟ್ಟಿಗೆ ಒಪ್ಪಿಸುತ್ತದೆ. ಸದಾ ನೆಟ್ ಇರುವವರಿಗೆ ಈ ಕಾಯುವಿಕೆ ಗಮನಕ್ಕೇ ಬರುವುದಿಲ್ಲ. ಅರ್ಧ ಗಂಟೆಯವರಿಗೆ ಅದೇ ಮುಳುವಾಗುತ್ತದೆ.

ಪರಿಹಾರ: ಅಪ್‌ಲೋಡ್ ಮುಗಿದ ಮೇಲೆ ಪ್ರಾಜೆಕ್ಟ್ಸ್ ಪುಟಕ್ಕೆ ಹೋಗಿ, ಯೋಜನೆಯನ್ನು ಆರಿಸಿ, ‘ಅಪ್‌ಡೇಟ್’ ಒತ್ತುವುದು. ವರದಿ ಆಗಲೇ ಹೋಗುತ್ತದೆ. ಅಪ್‌ಲೋಡ್ ಮುಗಿಯುವ ಮೊದಲೇ ಒತ್ತಿದರೆ ಪ್ರಯೋಜನವಿಲ್ಲ, ಚೀಲ ಇಳಿಸದೆ ತೂಕ ಹಾಕಿಸಲಾಗದು.

ಬೆಳೆಯುತ್ತಾ ಹೋಗುವ ಕಾಯುವಿಕೆ

ಹಾಗಾದರೆ ಮರುದಿನ ಸಂಜೆಯಾದರೂ ವರದಿ ತಾನಾಗಿ ಹೋಗಬೇಕಿತ್ತಲ್ಲ? ನನ್ನ ಎರಡನೆಯ ಸಂಜೆ ಈ ಪ್ರಶ್ನೆಯಲ್ಲೇ ಕಳೆಯಿತು.

ನೆಟ್ ಇಲ್ಲದ ಹೊತ್ತಿನಲ್ಲೂ ಬೋಯಿಂಕ್ ಪ್ರಯತ್ನಿಸುತ್ತಲೇ ಇರುತ್ತದೆ. ಒಮ್ಮೆ ಸೋತರೆ ಒಂದೆರಡು ನಿಮಿಷ ಕಾಯುತ್ತದೆ, ಮತ್ತೆ ಸೋತರೆ ಇನ್ನೂ ಹೆಚ್ಚು. ಹೀಗೆ ಕಾಯುವ ಅವಧಿ ಬೆಳೆಯುತ್ತಾ ಗಂಟೆಗಳಾಗುತ್ತದೆ. ಸರ್ವರ್ ಕೆಟ್ಟು ಎದ್ದಾಗ ಎಲ್ಲರೂ ಒಮ್ಮೆಗೇ ಮುಗಿಬೀಳಬಾರದೆಂದು ಈ ಅವಧಿಯಲ್ಲಿ ಒಂದಿಷ್ಟು ಯಾದೃಚ್ಛಿಕತೆಯನ್ನೂ ಸೇರಿಸಿದ್ದಾರೆ. ನನ್ನ ಲ್ಯಾಪ್‌ಟಾಪ್ ಹಗಲಿಡೀ ಸೋತು ಸೋತು, ನಾನು ಸಂಜೆ ಏಳಕ್ಕೆ ಹಾಟ್‌ಸ್ಪಾಟ್ ಹಾಕುವಾಗ "ಇನ್ನು ಎರಡು ಗಂಟೆಯ ಬಳಿಕ" ಎಂಬ ಸ್ಥಿತಿಯಲ್ಲಿರುತ್ತಿತ್ತು. ಏಳೂವರೆಗೆ ನಾನು ನೆಟ್ ಆರಿಸಿದರೆ ಮತ್ತೊಂದು ಸೋಲು ಸೇರುತ್ತಿತ್ತು.

ಟೂಲ್ಸ್ ಪಟ್ಟಿಯಲ್ಲಿ ಬಾಕಿ ವರ್ಗಾವಣೆಗಳನ್ನು ಮತ್ತೆ ಯತ್ನಿಸುವ ಆಯ್ಕೆಯಿದೆ, ಅದು ಸಾಕು. ಆದರೆ ಅದಕ್ಕಿಂತ ನನಗೆ ಇಷ್ಟವಾದ ದಾರಿ ಇನ್ನೊಂದು: ನೆಟ್ ಇಲ್ಲದ ಹೊತ್ತಿನಲ್ಲಿ ಆಕ್ಟಿವಿಟಿ ಪಟ್ಟಿಯಿಂದ ನೆಟ್‌ವರ್ಕ್ ಚಟುವಟಿಕೆಯನ್ನೇ ತಡೆಹಿಡಿಯುವುದು. ಲೆಕ್ಕ ನಿಲ್ಲುವುದಿಲ್ಲ, ಹೊರಗಿನ ಮಾತುಕತೆ ಮಾತ್ರ ನಿಲ್ಲುತ್ತದೆ. ಪ್ರಯತ್ನವೇ ಇಲ್ಲದಿದ್ದರೆ ಸೋಲೂ ಇಲ್ಲ, ಕಾಯುವ ಗಡಿಯಾರ ಬೆಳೆಯುವುದೂ ಇಲ್ಲ. ಸಂಜೆ ಸಂಪರ್ಕ ಗಟ್ಟಿಯಾದ ಮೇಲೆ ‘ಸದಾ’ ಎಂಬ ಆಯ್ಕೆಗೆ ತಿರುಗಿಸಿದೊಡನೆ ಕಡತಗಳು ಹೊರಡುತ್ತವೆ. ಮೂರು ದಿನಗಳಿಂದ ಹೀಗೆಯೇ ಮಾಡುತ್ತಿದ್ದೇನೆ. ಒಂದು ವರದಿಯೂ ಉಳಿದಿಲ್ಲ.

ನಡುವೆ ಸಿಗ್ನಲ್ ಕಡಿದರೆ

ಗಾಬರಿ ಬೇಡ. ಅಪ್‌ಲೋಡ್ ಮತ್ತೆ ಆರಂಭವಾಗುವಾಗ ಬೋಯಿಂಕ್ ಮೊದಲು "ನಿನ್ನಲ್ಲಿ ಈ ಕಡತ ಎಷ್ಟು ಬಂದಿದೆ?" ಎಂದು ಸರ್ವರನ್ನು ಕೇಳಿ, ಉಳಿದದ್ದನ್ನು ಮಾತ್ರ ಕಳುಹಿಸುತ್ತದೆ. ತುಂಬ ತೆಳುವಾದ ಸಂಪರ್ಕವಾದರೆ ಒಂದೇ ಸಮಯಕ್ಕೆ ಹೋಗುವ ಕಡತಗಳನ್ನು ಕಡಿಮೆ ಮಾಡಿ. ಒಂದು ಯೋಜನೆಗೆ ಎರಡು ಎಂದು ಮೊದಲೇ ಇರುತ್ತದೆ, ಬೋಯಿಂಕ್ ತನ್ನ ಹೊಂದಿಕೆಗಳನ್ನು ಓದುವ ಕಾನ್ಫಿಗ್ ಕಡತದಲ್ಲಿ (cc_config.xml) ಒಂದಕ್ಕೆ ಇಳಿಸಬಹುದು.

ದೋಷ ನಮ್ಮದೋ ಸರ್ವರಿನದೋ ಎಂದು ತಿಳಿಯಲು ಲಾಗ್, ಎಂದರೆ ಬೋಯಿಂಕ್ ನಡೆದದ್ದನ್ನೆಲ್ಲ ಬರೆದಿಡುವ ದಾಖಲೆ, ಓದಿ. ಯೋಜನೆ ಸಿಗದಿದ್ದಾಗ ಬೋಯಿಂಕ್ ಗೂಗಲ್‌ನಂಥ ಒಂದು ತಾಣವನ್ನು ಮುಟ್ಟಿ ನೋಡುತ್ತದೆ. ಅದು ಸಿಕ್ಕಿದರೆ ಇಂಟರ್ನೆಟ್ ಸರಿಯಿದೆ, ಯೋಜನೆಯ ಸರ್ವರ್ ಕೆಳಗಿದೆ ಎಂದು ಬರೆಯುತ್ತದೆ. ಆಗ ಫೋನನ್ನು ಕಿಟಕಿಯಿಂದ ಕಿಟಕಿಗೆ ಹೊರುವ ಅಗತ್ಯವಿಲ್ಲ.

ಎಷ್ಟು ದಿನದ ಕೆಲಸ ತರಿಸಬೇಕು

ನೆಟ್ ಕಡಿಮೆಯೆಂದು ಎಂಟು ದಿನದ ಕೆಲಸ ಕೂಡಿಟ್ಟಿದ್ದೆ. ಸಾಲು ಉದ್ದವಾಗಿ ಕೊನೆಯ ಕೆಲಸಗಳು ಗಡುವಿನ ಹಿಂದಿನ ದಿನ ಮುಗಿದವು. ಒಂದು ಸಂಜೆ ತಪ್ಪಿದ್ದೇ ತಡ, ನಾಲ್ಕೂ ಹೋದವು. ನಿಮ್ಮ ಎರಡು ಸಂಪರ್ಕಗಳ ನಡುವೆ ಎಷ್ಟು ದಿನವೋ ಅಷ್ಟನ್ನು, ಬೋಯಿಂಕ್ ಆಯ್ಕೆಗಳಲ್ಲಿ ಕೂಡಿಡುವ ಕೆಲಸದ ‘ಕನಿಷ್ಠ’ ಎಂಬಲ್ಲಿ, ಅರ್ಧ ದಿನವನ್ನು ‘ಹೆಚ್ಚುವರಿ’ ಎಂಬಲ್ಲಿ ಹಾಕಿ. ನಾನು ಈಗ 2 ಮತ್ತು 0.5 ಇಟ್ಟಿದ್ದೇನೆ. ತುಲಾಮಾಸದ ಸಂಜೆಗಳಲ್ಲಿ ಗುಡುಗು ಮಿಂಚು ಶುರುವಾದರೆ ಕಿಟಕಿಯ ಬಳಿ ಫೋನ್ ಇಡಲಾಗುವುದಿಲ್ಲ, ಆಗ 3 ಮಾಡುತ್ತೇನೆ.