ಎಷ್ಟು ಹೇಳಿದರೂ ಮಗ ಕೈ ತೊಳೆಯಲ್ಲ, ಏನ್ ಮಾಡೋದು?

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಕೈ ತೊಳ್ಕೊ ಅಂತ ದಿನಾ ಹೇಳಿ ಸಾಕಾಗಿದೆ. ಅವನಿಗೆ ತಿಳಿಯುವ ಹಾಗೆ ಹೇಗೆ ಹೇಳಬೇಕು?

ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಇದೇ ಪ್ರಶ್ನೆ ಬರುತ್ತೆ. ತಿಳಿಸಿ ಹೇಳಿದರೆ ಮಗು ತೊಳೆಯುತ್ತೆ ಅನ್ನೋ ನಂಬಿಕೆಯನ್ನು ಮೊದಲು ಬಿಡಿ.

ನಿಮ್ಮ ಮಗನಿಗೆ ಎಲ್ಲಾ ಗೊತ್ತಿದೆ. ಕೇಳಿ ನೋಡಿ, ಅಂಗನವಾಡಿಯಲ್ಲಿ ಕಲಿಸಿದ ಹಾಡು ಹೇಳಿ, ಬೆರಳ ಸಂದಿ ಉಜ್ಜೋದನ್ನೂ ಮಾಡಿ ತೋರಿಸ್ತಾನೆ. ಆದರೆ ಕಣ್ಣಿಗೆ ಕಾಣದ ಕ್ರಿಮಿಗೂ ನಾಳೆ ಬರುವ ಭೇದಿಗೂ ನಂಟು ಹಚ್ಚುವ ವಯಸ್ಸು ಅದಲ್ಲ. ಹೆದರಿಸಿದರೆ ಆ ಹೊತ್ತಿಗೆ ತೊಳೀತಾನೆ, ಮರುದಿನ ಮರೀತಾನೆ.

ಈಗ ಬಚ್ಚಲಿಗೆ ಹೋಗಿ ಮೊಣಕಾಲೂರಿ ಕೂತು ನೋಡಿ. ಅವನ ಎತ್ತರ ಅಷ್ಟೇ. ಸೋಪು ಮೇಲಿನ ಗೂಡಿನಲ್ಲಿದೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಿಗೆ ನಳದ ನೀರು ದಿನಾ ಬರಲ್ಲ, ಬ್ಯಾರಲ್‌ನಲ್ಲಿ ತುಂಬಿಡ್ತೀವಿ. ಅವನು ಅದರಿಂದ ತಂಬಿಗೆ ತುಂಬಿಕೊಂಡು, ಒಂದು ಕೈಯಲ್ಲಿ ಹಿಡಿದು, ಇನ್ನೊಂದಕ್ಕೆ ಸುರಿದುಕೊಳ್ಳಬೇಕು. ಎರಡೂ ಕೈ ಸೇರಿಸಿ ಉಜ್ಜೋದು ಹೇಗೆ? ಒಂದು ಕೈ ತಂಬಿಗೆಗೇ ಬೇಕಲ್ವಾ? ಅದಕ್ಕೇ ಬೆರಳ ತುದಿ ತೋಯಿಸಿ, ಅಂಗಿಗೆ ಒರೆಸಿಕೊಂಡು ಓಡಿ ಬರ್ತಾನೆ. ಮೇಲೆ ನೀರು ಚೆಲ್ಲಿದ ಅಂತ ಬೈಗುಳ ಬೇರೆ. ಇದು ಹಟ ಅಲ್ಲ, ಸೋಮಾರಿತನವೂ ಅಲ್ಲ.

ನಳ ಇರುವ ಸಣ್ಣ ಡಬ್ಬಿಯೊಂದನ್ನು ಅವನ ಎದೆಮಟ್ಟಕ್ಕೆ ಇಡಿ. ಪಕ್ಕದಲ್ಲಿ ಅವನ ಅಂಗೈಗೆ ಹಿಡಿಸುವ ಸೋಪಿನ ತುಂಡು. 20 ಸೆಕೆಂಡ್ ಉಜ್ಜಲಿ, ಅಷ್ಟೊತ್ತು ನಳ ಬಂದ್ ಇರಲಿ, ನೀರೂ ಉಳಿಯುತ್ತೆ. ಊಟಕ್ಕೆ ಮುಂಚೆ, ಪಾಯಿಖಾನೆಯಿಂದ ಬಂದ ಮೇಲೆ, ಈ ಎರಡು ಹೊತ್ತು ತಪ್ಪಿಸಬೇಡಿ. ಜೊತೆಗೆ ನೀವೂ ತೊಳೀರಿ, ಅವನ ಅಪ್ಪನೂ ತೊಳೀಲಿ. ದೊಡ್ಡವರು ಸುಮ್ನೆ ನೀರಲ್ಲಿ ಕೈ ಅದ್ದಿ ರೊಟ್ಟಿ ಮುರಿದರೆ ಮಗು ಕಲಿಯೋದೂ ಅದನ್ನೇ.

ಸ್ಯಾನಿಟೈಸರ್ ಇದೆಯಲ್ಲ ಅಂತೀರಾ? ಮಣ್ಣು ಮೆತ್ತಿದ ಕೈಗೆ ಅದು ಸಾಲದು, ಜಂತುಹುಳದ ಮೊಟ್ಟೆಯೂ ಅದಕ್ಕೆ ಸಾಯಲ್ಲ. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದಲ್ಲಿ ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ತಪ್ಪದೆ ಕೊಡಿಸಿ. ಆದರೆ ಮಾತ್ರೆ ಹೊಟ್ಟೆಯೊಳಗಿನ ಹುಳಕ್ಕೆ, ಉಗುರಿನೊಳಗಿನ ಮೊಟ್ಟೆಗಲ್ಲ. ಒಂದು ಬಗೆಯ ಸಣ್ಣ ಹುಳ ರಾತ್ರಿ ಗುದದ ಹತ್ತಿರ ಮೊಟ್ಟೆ ಇಡುತ್ತೆ, ಅವನು ಅಲ್ಲಿ ತುರಿಸಿಕೊಳ್ತಾನೆ, ಮೊಟ್ಟೆ ಉಗುರಿಗೆ ಸೇರುತ್ತೆ, ಬೆಳಿಗ್ಗೆ ಅದೇ ಬೆರಳು ಬಾಯಿಗೆ. ಅದಕ್ಕೆ ವಾರಕ್ಕೊಮ್ಮೆ ಉಗುರು ಕತ್ತರಿಸಿ, ಬೆಳಿಗ್ಗೆ ಎದ್ದ ಕೂಡಲೇ ಸೋಪು ಹಚ್ಚಿ ಕೈ ತೊಳೆಸಿ.